ಬೇಲಿಯ ಅಧಿಕೃತ ಬಣ್ಣ

ಸರ್ಕಾರಿ ಬೇಲಿಗೆ ತಾನಾಗಿ ಬಣ್ಣಗೆಡುವ ಅಧಿಕಾರವಿಲ್ಲ. ಕೆಡಲೇಬೇಕೆಂದಿದ್ದರೆ ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು. ಹೀಗಿದ್ದೂ ೧೯೯೮ರ ಮಳೆಗಾಲದಲ್ಲಿ, ಮೂಡಿಗೆರೆ ತಾಲ್ಲೂಕಿನ ಜಾವಳಿ ರಸ್ತೆಯಲ್ಲಿರುವ ಇಲಾಖಾ ಅತಿಥಿಗೃಹದ ಹೊಸ ಮರದ ಬೇಲಿ ಯಾರನ್ನೂ ಕೇಳದೆ ಕಪ್ಪಾಯಿತು.

ಇದರಿಂದ ಇಲಾಖೆಗೆ ಬರೀ ಮುಜುಗರವಾಯಿತು. ಹೊಟ್ಟೆಗೆ ಬೆಂಕಿ ಬಿದ್ದದ್ದು ದೇವೇಂದ್ರನಿಗೆ. ಅವನು ಆ ಇಲಾಖೆಯ ದಿನಗೂಲಿ ಮೇಲ್ವಿಚಾರಕ. ಸೇರಿದಾಗ ಮೀಸೆ ಚಿಗುರುತ್ತಿತ್ತು, ಈಗ ನರೆಯುತ್ತಿತ್ತು. ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. "ಈ ಬೇಲಿ ಒಂದು ತೃಪ್ತಿಕರವಾಗಿ ಮುಗೀಲಿ ಮಾರಾಯ, ನಿನ್ನ ಫೈಲು ಅದರ ಹಿಂದೇನೇ ಹೋಗುತ್ತೆ" ಎಂದು ಇಂಜಿನಿಯರ್ ಗುರುವಯ್ಯನವರು ಮಾತು ಕೊಟ್ಟಿದ್ದರು. ತೃಪ್ತಿಕರ ಎಂದರೆ, ಕಚೇರಿಯ ಗೋಡೆಗೆ ಒರಗಿಸಿಟ್ಟ ಮಾದರಿ ಹಲಗೆಯ ಬಣ್ಣಕ್ಕೂ ಬೇಲಿಯ ಬಣ್ಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಮಾದರಿ ಹಲಗೆ ಸಾಗುವಾನಿಯದು. ಬೇಲಿಯೂ, ದಾಖಲೆಯ ಪ್ರಕಾರ, ಸಾಗುವಾನಿಯದೇ.

ಕಂಟ್ರಾಕ್ಟರ್ ರಾಜೇಶ್ ಈ ಸಾಗುವಾನಿಯನ್ನು ತಂದದ್ದು ತನ್ನ ಮಾವ ತಿಮ್ಮಪ್ಪನವರ ಕಾಫಿ ಎಸ್ಟೇಟಿನಿಂದ. ಆ ಎಸ್ಟೇಟಿನಲ್ಲಿ ಸಾಗುವಾನಿ ಇರಲೇ ಇಲ್ಲ ಎಂಬುದು ಸಣ್ಣ ವಿಚಾರ. ಕಾಫಿ ಗಿಡದ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಇತ್ತು. ಹೋದ ವಾರ ನೆರಳು ಕೊಡುತ್ತಿದ್ದ ಮರ ಈ ವಾರ ಬೇಲಿಯಾಗಿ ನಿಂತಿತು. ಹಲಗೆ ಎಷ್ಟು ಹಸಿಯಿತ್ತೆಂದರೆ ಮೊಳೆ ಹೊಡೆದಲ್ಲೆಲ್ಲ ನೀರು ಜಿನುಗಿತು. ಅದರ ಮೇಲೆ ಸಾಗುವಾನಿ ಬಣ್ಣದ ಪಾಲಿಶ್ ಬಳಿಯಬೇಕು; ಬಳಿದ ಮೇಲೆ ಮರದ ಜಾತಿ ತಾನಾಗಿಯೇ ಸರಿಹೋಗುತ್ತದೆ ಎಂಬುದು ಇಲಾಖೆಯ ಬಹಳ ಹಳೆಯ ನಂಬಿಕೆ.

"ಸಾರ್, ಮರ ಹಸಿ. ಮಳೆ ಬೇರೆ ಹಿಡ್ಕಂಡಿದೆ. ಒಂಚೂರು ಬಿಸಿಲು ನೋಡಿ ಬಳಿದ್ರಾಗಲ್ವಾ?" ಎಂದು ದೇವೇಂದ್ರ ಕೇಳಿದ್ದುಂಟು. ಹಸಿ ಮರಕ್ಕೆ ಬಣ್ಣ ನಿಲ್ಲುವುದಿಲ್ಲ ಎಂಬುದು ಮಲೆನಾಡಿನಲ್ಲಿ ದನ ಕಾಯುವವರಿಗೂ ಗೊತ್ತು. ಗುರುವಯ್ಯನವರಿಗೂ ಗೊತ್ತಿತ್ತು.

"ಬಿಸಿಲಿಗೆ ಎಸ್ಟಿಮೇಟಲ್ಲಿ ಜಾಗ ಎಲ್ಲಿದೆಯೋ? ಬಳಿಸು" ಎಂದರು ಅವರು.

ಹಾಗಾಗಿ ಸುರಿಯುವ ಮಳೆಯಲ್ಲಿ ಒಬ್ಬ ಆಳು ಕೊಡೆ ಹಿಡಿದ, ಇನ್ನೊಬ್ಬ ಬಳಿದ. ಕೊಡೆಯಷ್ಟಗಲ ಬಣ್ಣ ನಿಂತಿತು. ಉಳಿದದ್ದು ಹರಿದುಹೋಗಿ ಸ್ವಲ್ಪ ಹೊತ್ತು ಚರಂಡಿ ಸಾಗುವಾನಿಯಾಯಿತು.

ಆಷಾಢ ಕಳೆಯುವಷ್ಟರಲ್ಲಿ ಪ್ರತಿ ಮೊಳೆಯ ಕೆಳಗೂ, ಅತ್ತವಳ ಕಾಡಿಗೆ ಇಳಿದ ಹಾಗೆ, ಕಪ್ಪು ಗೆರೆ. ನಡುವೆ ಬೂದು ಬೂಷ್ಟು, ಬುಡದಲ್ಲಿ ಪಾಚಿ. ದೇವೇಂದ್ರ ತೆಂಗಿನ ನಾರು ಹಿಡಿದು, ಸೀಗೆಪುಡಿ, ನಿಂಬೆಹುಳಿ, ಸೋಪು ಎಲ್ಲವನ್ನೂ ಹಾಕಿ ತಿಕ್ಕಿದ. ಪಾಲಿಶ್ ಹೋಯಿತು, ಕಪ್ಪು ಉಳಿಯಿತು.

"ಮನೆ ಪಾತ್ರೆ ಒಂದಿನ ಹಿಂಗೆ ತಿಕ್ಕಿದ್ದಿದ್ರೆ ನಾನು ಕೈ ಮುಗೀತಿದ್ದೆ" ಎಂದಳು ಹೆಂಡತಿ ಯಶೋದಾ. ನಗಿಸಲೆಂದು ಹೇಳಿದ್ದು, ಹೇಳಿದವಳಿಗೇ ನಗು ಬರಲಿಲ್ಲ. ಕಾಯಂ ಆಗದ ದಿನಗೂಲಿಯವರನ್ನೆಲ್ಲ ವರ್ಷದ ಕೊನೆಗೆ ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

ಇಲಾಖೆ ಕೂಡಲೇ ಎಚ್ಚೆತ್ತು ಒಂದು ಬಣ್ಣ ಪರಿಶೀಲನಾ ಸಮಿತಿಯನ್ನು ರಚಿಸಿತು. ನಿಷ್ಪಕ್ಷಪಾತಿಗಳೇ ಬೇಕೆಂದು ಪಟ್ಟು ಹಿಡಿದು, ಆ ಮರವನ್ನು ಅದು ಸಸಿಯಾಗಿದ್ದಾಗಿನಿಂದ ಬಲ್ಲ ತಿಮ್ಮಪ್ಪನವರನ್ನೇ ಅಧ್ಯಕ್ಷರನ್ನಾಗಿ ಮಾಡಲಾಯಿತು.

ತಿಮ್ಮಪ್ಪನವರು ಜೀಪಿನಿಂದ ಇಳಿದವರು ಬೇಲಿಯನ್ನು ನೋಡಲಿಲ್ಲ, ಕಚ್ಚಿದರು. ಕಾಫಿ ಸೀಮೆಯಲ್ಲಿ ಬೀಜ ಒಣಗಿದೆಯೋ ಇಲ್ಲವೋ ಎಂದು ಮೊದಲು ತಿಳಿಯುವುದು ಹಲ್ಲಿಗೆ. ಕಣದಿಂದ ಒಂದು ಬೀಜ ಎತ್ತಿ ಕಚ್ಚಿದರೆ ಮುಗಿಯಿತು. ಅಧ್ಯಕ್ಷರು ಕಚ್ಚಿದ ಮೇಲೆ ಉಳಿದವರು ಸುಮ್ಮನಿರುವುದು ಶಿಷ್ಟಾಚಾರವಲ್ಲ. ಗುರುವಯ್ಯನವರು ಕನ್ನಡಕ ತೆಗೆದು ಒಂದು ಹಲಗೆ ಕಚ್ಚಿದರು. ರಾಜೇಶ್ ಗೇಟನ್ನು ಕಚ್ಚಿದ. ದಾರಿಯಲ್ಲಿ ಹೋಗುತ್ತಿದ್ದ ಬಸ್ಸು ನಿಧಾನವಾಗಿ, ಏನೋ ಸರ್ಕಾರಿ ಕೆಲಸ ನಡೆಯುತ್ತಿದೆ ಎಂದು ತಿಳಿದು ಮುಂದಕ್ಕೆ ಹೋಯಿತು.

"ನೀನೂ ಕಚ್ಚು ಮಾರಾಯ" ಎಂದರು ತಿಮ್ಮಪ್ಪನವರು. ದೇವೇಂದ್ರ ಕಚ್ಚಿದ. ಬಾಯಿ ತುಂಬ ಪಾಚಿ.

"ಹೆಂಗಿದೆ?"

"ಹಸಿ ಇದೆ ಅಯ್ಯಾ."

"ಹಸಿ ಅಲ್ಲ ಕಣೋ. ಇದು ಮಾನ್ಸೂನ್ಡ್."

ಗುರುವಯ್ಯನವರು ಬಾಯಿ ಬಿಟ್ಟುಕೊಂಡು ನೋಡಿದರು. ತಿಮ್ಮಪ್ಪನವರು ಕನಿಕರದಿಂದ ವಿವರಿಸಿದರು: ಕೆಲವು ಕಾಫಿಯನ್ನು ಬೇಕೆಂದೇ ಮಳೆಗಾಳಿಗೆ ಹರಡುತ್ತಾರೆ. ಅದು ಊದಿಕೊಂಡು ಬಣ್ಣಗೆಡುತ್ತದೆ. ಹಾಗೆ ಬಣ್ಣಗೆಟ್ಟದ್ದನ್ನೇ ಫಾರಿನ್ನಿನವರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ. "ಕಾಫಿಗೊಂದು ನ್ಯಾಯ, ಬೇಲಿಗೊಂದು ನ್ಯಾಯವಾ ಗುರುವಯ್ನೋರೆ? ನನ್ನ ಅಳಿಯ ಇಡೀ ಮಳೆಗಾಲ ನಿಮ್ಮ ಬೇಲೀನ ಹದ ಮಾಡಿದಾನೆ. ಮಳೆ ಹಿಡಿಸಿದ ಕೂಲಿ ಯಾರು ಕೊಡ್ತಾರೆ?"

ಇಂಥ ಮಾತಿಗೆ ಎದುರಾಡಲು ಇಲಾಖೆಯ ಬಳಿ ಯಾವ ನಿಯಮವೂ ಇರಲಿಲ್ಲ. ಆದ್ದರಿಂದ ಒಪ್ಪಿಕೊಳ್ಳಲು ಒಂದು ನಿಯಮ ಮಾಡಲಾಯಿತು. ರಾಜೇಶನಿಗೆ ಹೆಚ್ಚುವರಿ ಬಿಲ್ಲು ಮಂಜೂರಾಯಿತು. ಗೇಟಿಗೆ ಒಂದು ಫಲಕ ಬಂತು:

"ಸಾರ್ವಜನಿಕರ ಗಮನಕ್ಕೆ. ಈ ಬೇಲಿಯ ಬಣ್ಣ ಕೆಟ್ಟಿರುವುದಿಲ್ಲ. ಸದರಿ ಬಣ್ಣವು ಮಳೆ ಹಿಡಿಸಿದ ಸಾಗುವಾನಿಯ ಅಧಿಕೃತ ಬಣ್ಣವಾಗಿರುತ್ತದೆ. ಇದನ್ನು ತಿಕ್ಕುವುದು, ತೊಳೆಯುವುದು ಹಾಗೂ ಕಲೆಯೆಂದು ಕರೆಯುವುದು ಶಿಕ್ಷಾರ್ಹ. ಕಚ್ಚಿ ನೋಡಲಿಚ್ಛಿಸುವವರು ಕಚೇರಿಯ ಅನುಮತಿ ಪಡೆಯತಕ್ಕದ್ದು."

ಇನ್ನು ಉಳಿದದ್ದು ಮಾದರಿ ಹಲಗೆ. ಬೇಲಿಗೆ ಹೊಂದಲಿ ಎಂದು ಅದನ್ನೂ ಮಳೆಗೆ ಇಟ್ಟರು. ಎಷ್ಟು ನೆನೆದರೂ ಅದು ಕಪ್ಪಾಗಲಿಲ್ಲ. ನಕಲಿ ಸಾಗುವಾನಿ ಎಂದು ತೀರ್ಮಾನಿಸಿ, ವಿಲೇವಾರಿಗಾಗಿ ಅಧ್ಯಕ್ಷರ ಮನೆಗೆ ಸಾಗಿಸಲಾಯಿತು. ಅಲ್ಲಿ ಅದು ಉಯ್ಯಾಲೆ ಮಣೆಯಾಗಿ ಇಂದಿಗೂ ಶಿಕ್ಷೆ ಅನುಭವಿಸುತ್ತಿದೆ.

ಅಧಿಕೃತ ಬಣ್ಣವನ್ನು ನಿಂಬೆಹುಳಿಯಿಂದ ತಿಕ್ಕಿದ ಅಪರಾಧಕ್ಕೆ ದೇವೇಂದ್ರನಿಗೆ ನೋಟೀಸು ಬಂತು. ಆದರೆ ತಿಕ್ಕಿದರೂ ಕಪ್ಪು ಹೋಗಿರಲಿಲ್ಲವಾದ್ದರಿಂದ, ಅವನ ಅದಕ್ಷತೆಯನ್ನು ಮೆಚ್ಚಿ, 'ಬಣ್ಣ ಸಂರಕ್ಷಕ' ಎಂಬ ಹೊಸ ಹುದ್ದೆಯಲ್ಲಿ ಅವನನ್ನು ಕಾಯಂ ಮಾಡಿದರು. ಷರತ್ತು ಒಂದೇ: ಬಣ್ಣ ಕಾಯಂ ಇರುವಷ್ಟು ದಿನ ಕೆಲಸ ಕಾಯಂ. ಯಶೋದಾ ಅವತ್ತು ಪಾಯಸ ಮಾಡಿದಳು, ಅತ್ತಳು ಕೂಡ.

ದೀಪಾವಳಿ ಕಳೆದು ಬಿಸಿಲು ಬಂತು. ಬೇಲಿ ಮೇಲಿನಿಂದ ಒಣಗುತ್ತಾ ಬೆಳ್ಳಗಾಗತೊಡಗಿತು. ಹಿಂದೊಮ್ಮೆ ಚೂರು ಬಿಸಿಲು ಬೇಡಿದ್ದ ದೇವೇಂದ್ರ ಈಗ ಆಕಾಶ ನೋಡಿ ಶಪಿಸುತ್ತಾ, ಕೊಡದಲ್ಲಿ ನೀರು ತಂದು ಹಲಗೆ ಹಲಗೆಗೂ ಎರಚಿದ.

ಬೇಸಿಗೆಯಲ್ಲಿ ಜಾವಳಿಯ ಬಾವಿಗಳು ತಳ ಕಂಡವು. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ಯಶೋದಾ ಖಾಲಿ ಕೊಡ ಹಿಡಿದು ಬಂದಾಗ ಸಾಲಿನ ಮುಂದಿದ್ದ ಗಿಡ್ಡಮ್ಮನೇ ತನ್ನ ಕೊಡ ಪಕ್ಕಕ್ಕೆ ಸರಿಸಿದಳು. "ಬಿಡ್ರೇ ಅವಳಿಗೆ ದಾರಿ. ನಮ್ಮ ಗಂಟ್ಲು ನಾಳೆಗೂ ಒಣಗುತ್ತೆ. ಬೇಲಿ ಒಣಗಿದ್ರೆ ಗಂಡನ ಕೆಲಸ ಹೋಗುತ್ತೆ." ಎಲ್ಲರೂ ಸರಿದು ನಿಂತರು.

ಈಗ ದೇವೇಂದ್ರ ದಿನಾ ಸಂಜೆ, ಕಚೇರಿಯ ಅನುಮತಿಯೊಂದಿಗೆ, ಒಂದು ಹಲಗೆಯನ್ನು ಕಚ್ಚಿ ನೋಡುತ್ತಾನೆ. ಬಾಯಿಗೆ ನೀರು ಬಂದರೆ ಮಾತ್ರ ಮನೆಗೆ ಊಟಕ್ಕೆ ಹೋಗುತ್ತಾನೆ.