ತೊಡೆಯೊಳಗಿನ ಬೆಳಕು

ಎಲ್ಲಕ್ಕೂ ಕಾರಣ ಒಂದು ಸೀಟಿ. ಬೆಳಗಿನ ವಾಕಿಂಗ್ ಗುಂಪಿನ ಹಿರಿಯರಿಗೆ ಮಂಡಿ ಕೈಕೊಟ್ಟಿತು. ಅವರು ಗುಂಪಿನ ನಾಯಕನ ಗುರುತಾದ ಕೊರಳಿನ ಸೀಟಿ ಕಳಚಿ ಪಾರ್ಕಿನ ಬೆಂಚಿನ ಮೇಲಿಟ್ಟರು. ಅಂದಿನಿಂದ ಕಂಡಕ್ಟರಿಗೆ ಊಟ ರುಚಿಸಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ಬಸ್ಸಿನಲ್ಲಿ ನಿಂತೇ ಸೀಟಿ ಊದಿ ನಿವೃತ್ತನಾದವನು ಅವನು. ಇದು ತನಗೇ ಸೇರಬೇಕಾದ್ದು ಎಂದುಕೊಂಡಿದ್ದ. ಆದರೆ ಗುಂಪಿನಲ್ಲಿ ಅವನ ಷಡ್ಡಕನೂ ಇದ್ದ.

ಹೆಂಡತಿಯ ಅಕ್ಕನ ಗಂಡ, ಬ್ಯಾಂಕ್ ಮ್ಯಾನೇಜರಾಗಿದ್ದವನು. ಮದುವೆಯಾದ ಮಾರನೆಯ ದಿನದಿಂದ ಕಂಡಕ್ಟರನ ಮನೆಯಲ್ಲಿ ಎಲ್ಲದಕ್ಕೂ ಅಳತೆಗೋಲು ಅವನೇ. ಇವನು ಕುರ್ಚಿ ಕೊಂಡರೆ ಅವನದಕ್ಕೆ ಮೆತ್ತೆ ಇರುತ್ತಿತ್ತು. ಇವನು ಕೆಮ್ಮಿದರೆ ಅವನ ಕೆಮ್ಮಿಗೆ ಇನ್ನೂ ದೊಡ್ಡ ಡಾಕ್ಟರು ಸಿಕ್ಕಿರುತ್ತಿದ್ದರು.

ಜಗಳ ಬೇಡವೆಂದು ಗುಂಪಿನವರೇ ದಾರಿ ಹುಡುಕಿದರು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ವಯಸ್ಸಾದವರ ತೊಡೆಗೆ ಅಲ್ಟ್ರಾಸೌಂಡ್ ಹಿಡಿದು, ಮಾಂಸಖಂಡ ಎಷ್ಟು ಸವೆದಿದೆ ಎಂದು ನೋಡುತ್ತಿದ್ದರು. ಯಾರ ಕಾಲು ಗಟ್ಟಿಯೋ ಸೀಟಿ ಅವರಿಗೆ.

"ಭಾವನ ಜೊತೆ ಪೈಪೋಟಿ ಯಾಕ್ರೀ ನಿಮಗೆ? ನಿಮ್ಮ ಕಾಲು ನೋಡಿದ್ರೆ ಕೊಡೆ ಕಡ್ಡಿ ಇದ್ದ ಹಾಗಿದೆ" ಎಂದಳು ಹೆಂಡತಿ.

ಕಂಡಕ್ಟರ್ ಕೂಗುವ ಮುಂಚಿನ ಕುಕ್ಕರಿನ ಹಾಗೆ ಬುಸುಗುಡುತ್ತ ಪಂಚೆಯನ್ನು ಕಾಲ ಮೇಲೆ ಎಳೆದುಕೊಂಡ.

ಕ್ಲಿನಿಕ್ಕಿಗೆ ಇಬ್ಬರೂ ಹೆಂಡತಿಯರ ಸಮೇತ ಹೋದರು. ಒಳಗೆ ಒಬ್ಬ ಹುಡುಗಿ ಒಬ್ಬೊಬ್ಬರನ್ನೇ ಮಲಗಿಸಿ, ತೊಡೆಗೆ ತಣ್ಣನೆಯ ಲೋಳೆ ಬಳಿದು, ಅದರ ಮೇಲೆ ಯಂತ್ರದ ಮೂತಿ ಆಡಿಸಿದಳು. ಹೆಸರು ಬರೆದ ಕವರಿನಲ್ಲಿ ಚಿತ್ರ ಹಾಕಿ ಕೈಗೆ ಕೊಟ್ಟು, ಪಕ್ಕದ ಕೋಣೆಯ ಡಾಕ್ಟರಿಗೆ ತೋರಿಸಿ ಎಂದಳು.

"ಷೂ ಹಾಕ್ಕೋಬೇಕು, ಸ್ವಲ್ಪ ಇದನ್ನ ಹಿಡ್ಕೊಳ್ಳಯ್ಯ" ಎಂದು ಷಡ್ಡಕ ತನ್ನ ಕವರನ್ನು ಕಂಡಕ್ಟರನ ಕೈಗಿತ್ತು ಬಗ್ಗಿದ.

ಅವನ ಹೊಟ್ಟೆಗೂ ಷೂವಿಗೂ ಸಂಧಾನ ನಡೆಯುತ್ತಿದ್ದಾಗ ಕಂಡಕ್ಟರ್ ಎರಡೂ ಕವರುಗಳೊಳಗೆ ಇಣುಕಿದ. ತನ್ನ ಚಿತ್ರ ಬಾಣಲೆಯ ತಳದಷ್ಟು ಕಪ್ಪು. ಷಡ್ಡಕನದು ಹುಣ್ಣಿಮೆಯ ಹಾಗೆ ಬೆಳ್ಳಗೆ ಮಿನುಗುತ್ತಿತ್ತು. ಕೊನೆಗೆ ತೊಡೆಯೊಳಗೂ ಇವನಿಗೆ ಬೆಳಕು, ತನಗೆ ಕತ್ತಲೆಯೇ?

ಚಿತ್ರಗಳ ಮೇಲೆ ಹೆಸರಿರಲಿಲ್ಲ. ಟಿಕೆಟು ಹರಿದು ಪಳಗಿದ ಬೆರಳು. ಷಡ್ಡಕ ಷೂ ಲಾಡಿ ಬಿಗಿದು ತಲೆ ಎತ್ತುವಷ್ಟರಲ್ಲಿ ಹುಣ್ಣಿಮೆ ಅಮಾವಾಸ್ಯೆಗಳು ಜಾಗ ಬದಲಾಯಿಸಿದ್ದವು.

ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದರು. ಆಮೇಲೆ ಷಡ್ಡಕನ ಕಡೆ ತಿರುಗಿದರು.

"ಎಷ್ಟು ಕಪ್ಪಗಿದೆ ನೋಡಿ. ಒಳ್ಳೆ ಮಾಂಸಖಂಡ ಹೀಗೇ ಕಾಣೋದು. ಇದು ಸವೆದು ಮಧ್ಯೆ ಕೊಬ್ಬು ಸೇರ್ಕೊಂಡ್ರೆ ಬೆಳ್ಳಗಾಗುತ್ತೆ. ನೀವು ನಿಂತೇ ಕೆಲಸ ಮಾಡಿದವರು ಅನ್ಸುತ್ತೆ."

ಬದುಕೆಲ್ಲ ತಿರುಗುವ ಕುರ್ಚಿಯಲ್ಲಿ ಕಳೆದ ಷಡ್ಡಕ ವಿನಯದಿಂದ ತಲೆ ತಗ್ಗಿಸಿ, ಸ್ವಲ್ಪ ಓಡಾಟ ಇತ್ತು ಎಂದ.

"ನೀವು ಮಾತ್ರ ಕೂತೇ ಕಾಲ ಕಳೆದಿದ್ದೀರಿ" ಎಂದರು ಡಾಕ್ಟರು ಕಂಡಕ್ಟರಿಗೆ.

ಕಂಡಕ್ಟರ್ ಬಾಯಿ ತೆರೆದ. ಅಕ್ಕತಂಗಿಯರಿಬ್ಬರೂ ಅವನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು. ಮುಚ್ಚಿಕೊಂಡ. ದಿನಾ ಕುರ್ಚಿಯಿಂದ ಎದ್ದು ಕೂತು ಮಾಡಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಬರಬೇಕು ಎಂದು ಡಾಕ್ಟರು ಅಪ್ಪಣೆ ಮಾಡಿದರು.

ಮಾರನೆಯ ಬೆಳಗ್ಗೆ ಪಾರ್ಕಿನಲ್ಲಿ ಸೀಟಿ ಷಡ್ಡಕನ ಕೊರಳೇರಿತ್ತು. ಗೇಟಿನಿಂದ ಬೆಂಚಿನವರೆಗೆ ನಡೆದದ್ದಕ್ಕೇ ಅವನಿಗೆ ಏದುಸಿರು. ಕೂತುಕೊಂಡೇ ಊದಿದ. ಎದುರಿನ ಬೆಂಚಿನಿಂದ ಕಂಡಕ್ಟರ್ ಎದ್ದ. ಷಡ್ಡಕ ಮತ್ತೆ ಊದಿದ, ಕಂಡಕ್ಟರ್ ಕೂತ.

"ಹೆದರಬೇಡಯ್ಯ. ಮೂರು ತಿಂಗಳಲ್ಲಿ ನಿನ್ನ ತೊಡೆನೂ ನನ್ನದರ ಹಾಗೇ ಕಪ್ಪಗಾಗುತ್ತೆ. ನಂದು ಜವಾಬ್ದಾರಿ" ಎಂದ ಷಡ್ಡಕ.

ಆಗುತ್ತದೆ. ಖಂಡಿತ ಆಗುತ್ತದೆ. ಆಗ ಆ ಕೀರ್ತಿ ಯಾರ ಪಾಲಿಗೆ ಹೋಗುತ್ತದೆ ಎಂಬುದು ಹೊಳೆದು ಕಂಡಕ್ಟರ್ ಕೂತಲ್ಲೇ ಕಲ್ಲಾದ.

"ಏಳ್ರೀ" ಎಂದಳು ಹೆಂಡತಿ, "ಭಾವ ಊದಿದ್ದು ಕೇಳಿಸ್ಲಿಲ್ವಾ?"