ಹಸು ತಿಂದ ರೆಕ್ಕೆ

೧೯೪೦ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಶೆಟ್ಲೆಂಡ್ ದ್ವೀಪದ ತುದಿಯಲ್ಲಿದ್ದ ವಿಮಾನನೆಲೆಯಲ್ಲಿ ಒಂದು ಹಸು ಯುದ್ಧವಿಮಾನದ ರೆಕ್ಕೆ ತಿಂದುಬಿಟ್ಟಿತು.

ಪೂರ್ತಿ ರೆಕ್ಕೆಯಲ್ಲ, ಎಡಗಡೆಯ ಕೆಳರೆಕ್ಕೆಯಿಂದ ಎರಡು ಮೊಳ ಬಟ್ಟೆ. ಆ ವಿಮಾನಗಳ ಕಂಬಿಯ ಹಂದರಕ್ಕೆ ನಾರುಬಟ್ಟೆ ಬಿಗಿದು ಮೇಲೊಂದು ಅಂಟುಬಣ್ಣ ಬಳಿದಿರುತ್ತಿದ್ದರು. ಆ ಬಣ್ಣಕ್ಕೆ ಕಳಿತ ಹಣ್ಣಿನ ವಾಸನೆ. ಯಾವ ಹಸು ತಾನೆ ತಡೆದುಕೊಂಡೀತು? ದ್ವೀಪದ ಕಾವಲಿಗಿದ್ದದ್ದು ಒಟ್ಟು ಮೂರೇ ವಿಮಾನ. ಅದರಲ್ಲಿ ಒಂದನ್ನು ಶೋಲ್ಮಾ ಎಂಬ ಹಸು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

ಆ ವಿಮಾನ ಕಾಯುತ್ತಿದ್ದ ಸಿಪಾಯಿ ಎರ್ಟಿ ಹಾಲ್ಕ್ರೋ. ಹಸುವೂ ಅವನದೇ.

ಆ ದ್ವೀಪದ ಗಂಡಸರೆಲ್ಲ ಹಡಗು ಹತ್ತುವವರು. ಎರ್ಟಿಗೆ ಮಾತ್ರ ದಡದಲ್ಲಿ ಕಟ್ಟಿದ ದೋಣಿ ನೋಡಿದರೂ ಹೊಟ್ಟೆ ತೊಳೆಸುತ್ತಿತ್ತು. ಅದಕ್ಕೇ, ಈ ಪುಟ್ಟ ವಿಮಾನ ತುಕಡಿ ಊರಿಗೆ ಬಂದಾಗ ಎಲ್ಲರಿಗಿಂತ ಮೊದಲು ಓಡಿಹೋಗಿ ಸೇರಿಕೊಂಡಿದ್ದ. ಬೆಳಿಗ್ಗೆ ಓಟ್ಸ್ ರೊಟ್ಟಿ ತಿಂದು ಯುದ್ಧಕ್ಕೆ ನಡೆದು ಹೋಗುವುದು, ಸಂಜೆ ಯುದ್ಧದಿಂದ ಮನೆಗೆ ನಡೆದು ಬರುವುದು. ಪಕ್ಕದ ಮನೆಯಲ್ಲಿ ಓಸ್ಲಾ ಕಿಟಕಿಯ ಬಳಿ ಕೂತು ಹೆಣೆಯುತ್ತಿರುತ್ತಾಳೆ. ಜೀವಮಾನವಿಡೀ ಯುದ್ಧ ಹೀಗೇ ನಡೆದರೂ ಅವನಿಗೆ ಅಭ್ಯಂತರವಿರಲಿಲ್ಲ.

"ಏನಯ್ಯಾ ಇದು?" ಎಂದರು ಸಾರ್ಜೆಂಟ್ ಟಿಡ್ಸ್‌ವೆಲ್.

"ಗಾಳಿಗೆ ಹರಿದಿರಬೇಕು ಸಾರ್."

"ಗಾಳಿಗೆ ಹಲ್ಲಿದ್ಯೇನಯ್ಯಾ? ಮೂರು ಗಂಟೆಗೆ ಲಂಡನ್ನಿಂದ ದೊಡ್ಡ ಸಾಹೇಬ್ರು ಬರ್ತಾರೆ. ಅಷ್ಟ್ರಲ್ಲಿ ರೆಕ್ಕೆ ಸರಿಯಾಗ್ಬೇಕು. ಇಲ್ದಿದ್ರೆ ನೀನು ಜೈಲಿಗೆ, ನಿನ್ನ ಹಸು ಅಡುಗೆಮನೆಗೆ!"

ಉಗ್ರಾಣದಲ್ಲಿ ಬಟ್ಟೆಯೇನೋ ಇತ್ತು. ಹೊಲಿಯುವವನು ಮಂಗನಬಾವು ಬಂದು ಆಸ್ಪತ್ರೆ ಸೇರಿದ್ದ.

ಎರ್ಟಿ ಊರ ಕಡೆ ಓಡಿದ. ಮಂಜು ಎಂಥದ್ದೆಂದರೆ ಗುಡ್ಡವೇ ಕರಗಿ ಹೋಗಿತ್ತು. ಕಾಲಿಲ್ಲದ ಕುರಿಗಳು ಗಾಳಿಯಲ್ಲಿ ತೇಲುತ್ತ ಮೇಯುತ್ತಿದ್ದವು. ಕಾಣದ ಕಡಲಲ್ಲಿ ಸೀಲ್ ಪ್ರಾಣಿಗಳು ಯಾರನ್ನೋ ನೆನೆಸಿಕೊಂಡಂತೆ ಹಾಡುತ್ತಿದ್ದವು. ತಾನು ಓಡುತ್ತಿರುವುದು ನಿಜವೋ ಕನಸೋ ಎಂದು ಅವನಿಗೇ ಅನುಮಾನ ಬಂತು. ಕನಸಾಗಿರಲಿ ದೇವರೇ ಎಂದುಕೊಂಡ.

"ಎರ್ಟೀ!" ಮಂಜಿನೊಳಗಿಂದ ಬಾಬೀ ಚಿಕ್ಕಮ್ಮನ ದನಿ ಬಂತು. "ನಿನ್ನ ಹಸು ವಿಮಾನ ನುಂಗ್ತಂತೆ? ಚಕ್ರನಾದ್ರೂ ಬಿಟ್ಟಿದ್ಯೇನೋ?"

ಸುದ್ದಿ ಅವನಿಗಿಂತ ಮೊದಲೇ ಊರು ತಲುಪಿತ್ತು. ಓಸ್ಲಾ ಸೂಜಿ, ಮೇಣದ ದಾರ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಮುಖ ಒರೆಸ್ಕೋ, ನಡಿ" ಎಂದಳು ಅಷ್ಟೆ.

ಸಾರ್ಜೆಂಟರು ಅವಳನ್ನು ಕಂಡು ಹಣೆ ಚಚ್ಚಿಕೊಂಡರು. "ಹೊರಗಿನವರು ವಿಮಾನ ಮುಟ್ಟೋ ಹಾಗಿಲ್ಲ. ಸಾಹೇಬ್ರಿಗೆ ಗೊತ್ತಾದ್ರೆ ಈಯಮ್ಮನ್ನೂ ಜೈಲಿಗೆ ಎಳೀತಾರೆ. ನಾನು ಏನೂ ನೋಡಿಲ್ಲ" ಎಂದು ಗೋಡೆ ಕಡೆ ತಿರುಗಿ ನಿಂತರು.

ಓಸ್ಲಾ ಹೊಲಿದಳು. ಇರುವೆ ಸಾಲಿನಂಥ ಹೊಲಿಗೆ. ಹಿಂದೆಯೇ ಬಂದಿದ್ದ ಚಿಕ್ಕಮ್ಮ ಸುಮ್ಮನಿರಲಿಲ್ಲ. "ಹತ್ರ ಹತ್ರ ಹಾಕಮ್ಮ, ಗಾಳಿ ನುಗ್ಗಿದ್ರೆ ಓಡಿಸೋ ಹುಡುಗನಿಗೆ ಶೀತ ಆಗುತ್ತೆ."

ಅಂಟುಬಣ್ಣದ ಮೊದಲ ಕೈ ಬಳಿದದ್ದಾಯಿತು. ಮಂಜಿಗೆ ಅದು ಒಣಗಲೇ ಇಲ್ಲ. ಚಿಕ್ಕಮ್ಮ ಹೋಗಿ ಬಾಣಲೆ ತುಂಬ ಕೆಂಡ ತಂದರು. ಏನೂ ನೋಡದ ಸಾರ್ಜೆಂಟರು ಗೋಡೆಯಿಂದ ಹಾರಿ ಬಂದರು.

"ಅಮ್ಮಾ ತಾಯೀ! ಅದಕ್ಕೆ ಕಿಡಿ ತಾಗಿದ್ರೆ ದ್ವೀಪಾನೇ ಇರಲ್ಲ!"

ಕೊನೆಗೆ, ಚಳಿಗೆ ಹಾಸಿಗೆಯೊಳಗೆ ಇಟ್ಟುಕೊಳ್ಳುವ ಬಿಸಿನೀರಿನ ಜಾಡಿಗಳು ಊರಿನ ಮನೆಮನೆಯಿಂದ ಬಂದವು. ಅವನ್ನು ರೆಕ್ಕೆಯ ಕೆಳಗೆ ಒತ್ತಾಗಿ ಜೋಡಿಸಿಟ್ಟರು. ಜ್ವರ ಬಂದ ಮಗುವಿನಂತೆ ಯುದ್ಧವಿಮಾನ ಬೆಚ್ಚಗೆ ಮಲಗಿತು. ಓಸ್ಲಾ ಅದರ ಪಕ್ಕ ಕೂತು ತನಗೇ ಎಂಬಂತೆ ಏನೋ ಗುನುಗಿದಳು. ಎರ್ಟಿಗೆ ಜೈಲು ಮರೆತೇಹೋಯಿತು.

ಎರಡೂವರೆಗೆ ಮಂಜಿನ ಮೇಲೆಲ್ಲೋ ಎಂಜಿನ್ ಸದ್ದು ಕೇಳಿತು. ಗುರುತಿಲ್ಲದ ವಿಮಾನ! ಉಳಿದೆರಡು ವಿಮಾನಗಳು ಕಡಲ ಮೇಲಿದ್ದವು. ಪೈಲಟ್ ಓಡಿಬಂದು ಜಾಡಿಗಳನ್ನು ಒದ್ದು ಹತ್ತಿ ಕೂತ.

"ಇನ್ನೂ ಒಂದೇ ಕೈ ಬಣ್ಣ ಆಗಿರೋದು ಸಾರ್!" ಎಂದು ಎರ್ಟಿ ಕೂಗಿದ.

ಬಿಳಿಯ ತೇಪೆ ಹಾಕಿಕೊಂಡೇ ವಿಮಾನ ಬಿಳಿಯ ಮಂಜಿನಲ್ಲಿ ಮಾಯವಾಯಿತು. ಒಂದು ಹೊಲಿಗೆ ಬಿಟ್ಟರೆ ಆ ಹುಡುಗ ಕಡಲ ಪಾಲು. ಓಸ್ಲಾ ಎರ್ಟಿಯ ತೋಳು ಹಿಡಿದಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ.

ಕಾಲು ಗಂಟೆಯ ಮೇಲೆ ಮಂಜು ಬಿರಿದು ಒಂದರ ಹಿಂದೊಂದು ಎರಡು ವಿಮಾನ ಇಳಿದವು. ಎರಡನೆಯದರಿಂದ ಇಳಿದವರು ದೊಡ್ಡ ಸಾಹೇಬರು! ಹೆಂಗಸರು ಶೆಡ್ಡಿನ ಹಿಂದೆ ಅಡಗಿದರು.

ಸಾಹೇಬರು ನೇರ ಬಂದು ತೇಪೆಯ ಮೇಲೆ ಬೆರಳಾಡಿಸಿದರು.

"ಇದನ್ನ ಹೊಲಿದಿದ್ಯಾರು?"

ಸಾರ್ಜೆಂಟರು ಆಕಾಶ ನೋಡಿದರು. ಓಸ್ಲಾಳಿಗೆ ಬೇಡಿ ಹಾಕಿದ ಚಿತ್ರ ಎರ್ಟಿಯ ಕಣ್ಣ ಮುಂದೆ ಬಂತು. ಅವನು ಕಣ್ಣು ಮುಚ್ಚಿ, "ನಾನು ಸಾರ್" ಎಂದ.

ಸಾಹೇಬರು ಅವನ ಕೈ ಹಿಡಿದು ಕುಲುಕಿದರು. "ಮಂಜಲ್ಲಿ ದಾರಿ ತಪ್ಪಿದ್ದೆ ಕಣಯ್ಯಾ. ಈ ಬಿಳೀ ತೇಪೆ ನೋಡ್ಕೊಂಡೇ ಹಿಂದೆ ಬಂದೆ. ಎಂಥಾ ಕೈ ನಿಂದು! ಕೇಳು, ಈ ತುಕಡಿ ಇವತ್ತಿಗೆ ಮುಗೀತು. ವಿಮಾನಗಳು ದಕ್ಷಿಣಕ್ಕೆ ಹೋಗ್ತವೆ. ಊರಿನವರು ಇಲ್ಲೇ ಕಾವಲಿಗಿರ್ಲಿ ಅಂತ ಆರ್ಡರ್ ತಂದಿದ್ದೆ. ಆದ್ರೆ ನಿನ್ನ ಬಿಡೋಕಾಗಲ್ಲ. ಅಲ್ಲಿ ಇನ್ನೂರು ಹರಿದ ರೆಕ್ಕೆ ಬಿದ್ದಿವೆ. ನಾಳೆ ಬೆಳಿಗ್ಗೆ ಹಡಗು ಹತ್ತು."

"ಸಾರ್, ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ!"

"ವಿನಯ ಬೇರೆ!" ಎಂದು ಸಾಹೇಬರು ಮೆಚ್ಚಿ ಬೆನ್ನು ತಟ್ಟಿ ಹೋದರು.

ಆ ಸಂಜೆ ಓಸ್ಲಾಳ ಅಡುಗೆಮನೆಯಲ್ಲಿ ಎರ್ಟಿ ಹಿಟ್ಟಿನ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಂಜು ಸರಿದು, ಮುಳುಗಲು ಮನಸ್ಸಿಲ್ಲದ ಸೂರ್ಯ ಕಡಲ ಮೇಲೆ ತೂಕಡಿಸುತ್ತಿದ್ದ.

"ಸುಳ್ಳು ಯಾಕೆ ಹೇಳ್ದೆ ಪೆದ್ದಪ್ಪಾ?" ಎಂದಳು ಓಸ್ಲಾ. "ಸಾರ್ಜೆಂಟ್ರು ಧೈರ್ಯ ಮಾಡಿ ಆಮೇಲೆ ಕೇಳಿದ್ರಂತೆ, ಹೊಲಿದಿದ್ದು ಒಬ್ಬ ಹೆಂಗಸಾಗಿದ್ರೆ ಏನು ಮಾಡ್ತಿದ್ರಿ ಸಾರ್ ಅಂತ. ಒಂದು ಡಬ್ಬಿ ಚಹಾಪುಡಿ ಕೊಟ್ಟು ಕೈ ಮುಗೀತಿದ್ದೆ ಅಂದ್ರಂತೆ."

ಎರ್ಟಿ ಸೂಜಿ ಕೈಗೆತ್ತಿಕೊಂಡ. ಅವಳು ಅವನ ಬೆರಳು ಹಿಡಿದು ಸೂಜಿಯನ್ನು ಒಳಗೆ ಹಾಕಿಸಿದಳು, ಹೊರಗೆ ತೆಗೆಸಿದಳು. ಮೊದಲ ಹೊಲಿಗೆ ಅಚ್ಚುಕಟ್ಟಾಗಿ ಬಂತು.

ಅವಳು ಕೆಟಲ್ ಕಡೆ ತಿರುಗಿದಾಗ ಅವನು ಅದನ್ನು ಮೆಲ್ಲನೆ ಬಿಚ್ಚಿದ.

"ಬರ್ತಿಲ್ಲ ಓಸ್ಲಾ, ಇನ್ನೊಂದ್ಸಲ ತೋರಿಸು."