ಆರು ದೋಷದ ಕಾರು

ಭಾನುವಾರ ಬೆಳಿಗ್ಗೆ ಮೀನು ತರಲು ಹೋಗಿದ್ದ ಅಫ್ರೋಝ್, ಒಂದು ಕಿಲೋ ಬಂಗುಡೆಯ ಜೊತೆಗೆ ಒಂದು ಶಬ್ದವನ್ನೂ ಮನೆಗೆ ತಂದ. ರಸ್ತೆಯಲ್ಲಿ ಹಂಪ್ ಸಿಕ್ಕಿದಾಗಲೆಲ್ಲ ಕಾರಿನ ಹಿಂದುಗಡೆಯಿಂದ ‘ಲಟಕ್’ ಎನ್ನುತ್ತಿತ್ತು. ಅವನ ಮನೆಯಿದ್ದ ದೇರೆಬೈಲಿನಲ್ಲಿ ಹಂಪುಗಳಿಗೆ ಬರವಿಲ್ಲ. ಮನೆ ಸೇರುವಷ್ಟರಲ್ಲಿ ಅದು ಹದಿನಾಲ್ಕು ಸಲ ಕೇಳಿಸಿತ್ತು.

ಬೇರೆ ದಿನವಾಗಿದ್ದರೆ ಅವನು ರೇಡಿಯೋ ಜೋರು ಮಾಡಿ ಸುಮ್ಮನಾಗುತ್ತಿದ್ದ. ಆದರೆ ಅಂದು ಸಂಜೆ ಐದಕ್ಕೆ ಮಾವ ರವೂಫ್ ಹಾಜಿ ದಮಾಮಿನಿಂದ ವಿಮಾನದಲ್ಲಿ ಬರುವವರಿದ್ದರು. ಮೂರು ವರ್ಷದ ಮೇಲೆ ಬರುತ್ತಿದ್ದ ಮಾವನಿಗೆ ಅಳಿಯ ಫೋನಿನಲ್ಲಿ ತನ್ನ ಕಾರನ್ನು ಬಾಯಿತುಂಬ ಹೊಗಳಿಟ್ಟಿದ್ದ.

“ಟ್ಯಾಕ್ಸಿ ಮಾಡುವನಾ?” ಎಂದು ಹೆಂಡತಿಯನ್ನು ಕೇಳಿದ.

“ಅಬ್ಬನನ್ನು ಟ್ಯಾಕ್ಸಿಯಲ್ಲಿ ಕರ್ಕೊಂಡು ಬರುವುದಾ? ಮತ್ತೆ ಕಾರು ಎಂತಕ್ಕೆ, ಮೀನು ತರ್ಲಿಕ್ಕಾ?” ಎಂದಳು ಶಮೀಮಾ. ಆ ವಿಷಯ ಅಲ್ಲಿಗೆ ಮುಗಿಯಿತು.

ಅಫ್ರೋಝ್ ಕೆಳಗಿಳಿದು ಪಾರ್ಕಿಂಗ್ ಜಾಗದಲ್ಲಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಅವನದು ಚಪ್ಪಲಿ ಅಂಗಡಿ. ಚಕ್ರ ನಾಲ್ಕೂ ಇವೆ ಎಂಬುದರ ಹೊರತು ಅವನಿಗೆ ಬೇರೇನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಎರಡನೇ ಮಹಡಿಯ ಆಂಬ್ರೋಸ್ ಬಂದರು. ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಒಂದು ಕ್ಯಾಂಟೀನಿನ ಸ್ಟೋರ್ ಕೀಪರ್ ಆಗಿದ್ದವರು ಅವರು. ಕುವೈತ್ ಎಂದಮೇಲೆ ಎಣ್ಣೆ, ಎಣ್ಣೆ ಎಂದಮೇಲೆ ಇಂಜಿನ್ ಎಂಬ ಲೆಕ್ಕದಲ್ಲಿ ಕಟ್ಟಡದವರೆಲ್ಲ ಅವರನ್ನು ಇಂಜಿನಿಯರ್ ಎಂದೇ ತಿಳಿದಿದ್ದರು. ಅವರೂ ತಿದ್ದಲು ಹೋಗಿರಲಿಲ್ಲ.

“ಈಗ ಮೆಕ್ಯಾನಿಕ್ ಹತ್ರ ಯಾರು ಹೋಗ್ತಾರೆ ಮಾರಾಯ? ಕಾರಿನ ದೋಷ ಎಲ್ಲ ಫೋನೇ ಹೇಳ್ತದೆ,” ಎಂದು ಆಂಬ್ರೋಸ್ ಮನೆಗೆ ಹೋಗಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪ್ಲಗ್ ಒಂದನ್ನು ತಂದರು. “ಒಂದು ತೆಗೊಂಡ್ರೆ ಒಂದು ಫ್ರೀ ಇತ್ತು. ಇದು ಫ್ರೀ ಬಂದದ್ದು, ನೀನು ಇಟ್ಕೋ. ಸ್ಟೇರಿಂಗ್ ಅಡಿಗೆ ಸಿಕ್ಕಿಸು, ಬ್ಲೂಟೂತ್ ಹಾಕು. ಆಮೇಲೆ ಒಂದು ಒಳ್ಳೆ ಆ್ಯಪ್ ಬೇಕು.”

ಒಳ್ಳೆ ಆ್ಯಪ್ ಯಾವುದು ಎಂಬುದೇ ತೊಡಕಾಯಿತು. ಹುಡುಕಿದರೆ ಫೋನಿನಲ್ಲಿ ನಲವತ್ತು ಬಂದವು. ಮೊದಲನೆಯದು ಕಾರಿನ ಹೆಸರು ಕೇಳಿತು. ಅದರ ಪಟ್ಟಿಯಲ್ಲಿ ಅಮೇರಿಕದ ಲಾರಿಗಳೆಲ್ಲ ಇದ್ದವು, ಅಫ್ರೋಝನ ಸಣ್ಣ ಕಾರು ಇರಲಿಲ್ಲ. ಎರಡನೆಯದು ತೆರೆದ ಕೂಡಲೇ ಬಟ್ಟೆ ಸೋಪಿನ ಜಾಹೀರಾತು ತೋರಿಸಿ, ಐದು ನಕ್ಷತ್ರ ಕೊಡು ಎಂದು ಹಠ ಹಿಡಿಯಿತು. ಮೂರನೆಯದರಲ್ಲಿ ಮಾತ್ರ ಆಸ್ಪತ್ರೆಯ ಐಸಿಯುವಿನಂತೆ ಗೆರೆಗಳು ಕುಣಿಯುತ್ತಿದ್ದವು.

“ಇದೇ ಲಾಯಿಕ್ ಉಂಟು,” ಎಂದರು ಆಂಬ್ರೋಸ್.

ಅಫ್ರೋಝ್ ಪ್ಲಗ್ ಸಿಕ್ಕಿಸಿ ಕಾರು ಸ್ಟಾರ್ಟ್ ಮಾಡಿದ. ‘ಸಾಧನ ಸಿಗುತ್ತಿಲ್ಲ’ ಎಂದಿತು ಫೋನು. ಇನ್ನೊಮ್ಮೆ ನೋಡಿದ. ಆಗಲೂ ಇಲ್ಲ. ಸೆಕೆಗೆ ಬೆವರಿ ಮುದ್ದೆಯಾಗಿದ್ದ ಆಂಬ್ರೋಸ್ ಪಕ್ಕದಲ್ಲೇ ನಿಂತಿದ್ದ ತಮ್ಮ ಉದ್ದದ ಕಾರಿನಲ್ಲಿ ಕುಳಿತು, ಇಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಕಿಟಕಿ ನಾಲ್ಕು ಬೆರಳಷ್ಟು ಇಳಿಸಿ, “ಈಗ ನೋಡು ಮಾರಾಯ!” ಎಂದು ಕೂಗಿದರು.

ಈ ಸಲ ಸಿಕ್ಕಿಯೇಬಿಟ್ಟಿತು. ಆಂಬ್ರೋಸ್ ಅಂಕಲ್ ಕೈಗುಣವೇ ಹಾಗೆ ಎಂದು ಅಫ್ರೋಝ್ ಸಂತೋಷಪಡುವಷ್ಟರಲ್ಲಿ ಪರದೆ ಪೂರ್ತಿ ಕೆಂಪಾಯಿತು. ಒಟ್ಟು ಆರು ದೋಷಗಳು. ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಉಳಿದ ನಾಲ್ಕರ ಹೆಸರು ಓದಲಿಕ್ಕೇ ಭಯವಾಗುವಂತಿತ್ತು. ಕೊನೆಗೆ ‘ದೂರದ ಪ್ರಯಾಣ ಬೇಡ’ ಎಂಬ ಬುದ್ಧಿಮಾತು.

“ಅಯ್ಯೋ ದೇವ್ರೇ! ಇದು ಇಷ್ಟು ದಿನ ಓಡಿದ್ದೇ ಹೆಚ್ಚು,” ಎಂದರು ಆಂಬ್ರೋಸ್ ಕಿಟಕಿಯ ಸಂದಿಯಿಂದ.

ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ, ಕೆಳಗಿನ ಮನೆಯ ಆಂಡ್ರಿಯಾ ರಾತ್ರಿಪಾಳಿ ಮುಗಿಸಿ ಬಂದವಳು ಅಲ್ಲೇ ನಿಂತಳು. “ಒಂದೇ ರಿಪೋರ್ಟ್ ನೋಡಿ ಹೆದರ್ಬಾರ್ದು ಅಫ್ರೋಝ್ ಭಾಯ್. ಬೇರೆ ಕಡೆ ಸಹ ತೋರಿಸಿ.”

ಬೇರೆ ಕಡೆ ಎಂದರೆ ಬೇರೆ ಆ್ಯಪ್. ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದನ್ನೇ ಇಳಿಸಿಕೊಂಡ. ಅದೂ ಆರು ದೋಷ ಎಂದಿತು, ಅದೇ ಆರು. ಆಂಡ್ರಿಯಾ ರೋಗಿಯ ಕಡೆಯವರನ್ನು ನೋಡುವಂತೆ ಅವನನ್ನು ನೋಡಿ ಒಳಗೆ ಹೋದಳು.

ಅಫ್ರೋಝ್ ಕಾರನ್ನು ಆಮೆಯಂತೆ ಓಡಿಸಿಕೊಂಡು ಕೊಟ್ಟಾರದ ನೋಣಯ್ಯನ ಗ್ಯಾರೇಜಿಗೆ ಹೋದ. ಭಾನುವಾರವಾದ್ದರಿಂದ ನೋಣಯ್ಯ ಲುಂಗಿಯಲ್ಲೇ ಹೊರಗೆ ಬಂದ. ಮುಂದುಗಡೆ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಿವಿಗೊಟ್ಟ. ಹಿಂದುಗಡೆ ಡಿಕ್ಕಿ ತೆಗೆದು, ಸಡಿಲವಾಗಿ ಬಿದ್ದಿದ್ದ ಜಾಕಿಯನ್ನು ಎತ್ತಿ, ಅದರ ಅಡಿಗೆ ಹಳೆ ಬಟ್ಟೆ ತುರುಕಿ, ಪಟ್ಟಿ ಬಿಗಿದ.

“ಆಯ್ತು. ಹೋಗಿ.”

“ಎಂತ ಆಯ್ತು?”

“ಶಬ್ದ. ಜಾಕಿ ಹಾರ್ತಾ ಇತ್ತು.”

“ಇಂಜಿನ್?”

“ಇಂಜಿನಿಗೆ ಎಂತ ಆಗಿದೆ? ಲಾಯಿಕ್ ಉಂಟು.”

ಅಫ್ರೋಝ್ ಫೋನು ತೆಗೆದು ಆ್ಯಪ್ ತೋರಿಸಲು ಹೋದ. ‘ಸಾಧನ ಸಿಗುತ್ತಿಲ್ಲ’ ಎಂದಿತು. ಬೆಳಗಿನ ಕೆಂಪು ಪಟ್ಟಿಯ ಚಿತ್ರವನ್ನು ತೋರಿಸಿದ. ನೋಣಯ್ಯ ಅದನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡಿ, “ಇದು ಯಾರ ಕಾರಿದ್ದು?” ಎಂದು ಕೇಳಿದ.

ಅಫ್ರೋಝ್‌ಗೆ ಬೇಸರವಾಯಿತು. ಪಾಪ, ಹಳೇ ಕಾಲದ ಮನುಷ್ಯ, ಇಂಗ್ಲಿಷ್ ಬಾರದು, ಎಂದುಕೊಂಡು ಹೊರಟ. ದಾರಿಯ ಹಂಪುಗಳಲ್ಲಿ ಕಾರು ಸದ್ದಿಲ್ಲದೆ ಹತ್ತಿಳಿಯಿತು. ಅವನಿಗೆ ಅದರಿಂದ ಭಯ ಇನ್ನೂ ಹೆಚ್ಚಾಯಿತು. ರೋಗ ಒಳಗೆ ಸೇರಿಕೊಂಡಿದೆ ಎಂದು ಅವನ ಎಣಿಕೆ.

ಮನೆ ತಲುಪಿದಾಗ ಮಧ್ಯಾಹ್ನ ಎರಡೂವರೆ. ಮೇಲೆ ಕರೆಂಟು ಹೋಗಿದ್ದರಿಂದ ಆಂಬ್ರೋಸ್ ತಮ್ಮ ಕಾರಿನಲ್ಲೇ ಎಸಿ ಹಾಕಿ ಕೊಂಕಣಿ ಹಾಡು ಕೇಳುತ್ತಿದ್ದರು. ಅಫ್ರೋಝ್ ಪಕ್ಕದಲ್ಲಿ ನಿಲ್ಲಿಸಿ ಆ್ಯಪ್ ತೆರೆದ. ತಕ್ಷಣ ಸಿಕ್ಕಿತು. ಆರು ದೋಷ.

“ಅಂಕಲ್, ಏರ್‌ಪೋರ್ಟ್ ದಾರಿಯಲ್ಲಿ ಕೆಂಜಾರಿನ ಏರಿನಲ್ಲಿ ಇದು ನಿಂತರೆ ಮಾವನ ಎದುರು ನನ್ನ ಮರ್ಯಾದೆ ಎಂತ ಆಗ್ಬೇಕು?” ಎಂದ ಅಫ್ರೋಝ್.

ಆಂಬ್ರೋಸ್ ಹಾಡು ನಿಲ್ಲಿಸಿದರು. “ಒಂದು ಕೆಲಸ ಮಾಡುವ. ನನ್ನ ಕಾರು ನೀನು ತೆಗೊ, ನಿನ್ನದು ನನಗೆ ಕೊಡು. ನನ್ನ ಹೆಂಡತಿ ಮಟಿಲ್ಡಾಗೆ ಈ ಉದ್ದದ ಕಾರು ತಿರುಗಿಸ್ಲಿಕ್ಕೆ ಆಗುವುದಿಲ್ಲ, ಸಣ್ಣದು ಬೇಕು ಬೇಕು ಅಂತಾಳೆ. ರಿಪೇರಿ ನಾನು ನಿಧಾನಕ್ಕೆ ಮಾಡಿಸ್ತೇನೆ. ನಂಗೆ ಎಂತ, ಟೈಮ್ ಉಂಟು.”

ಅಫ್ರೋಝನ ಕಣ್ಣು ಒದ್ದೆಯಾಯಿತು. ಆರು ದೋಷದ ಕಾರಿಗೆ ಬದಲು ಮಾವ ಕಾಲು ಚಾಚಿ ಕೂರುವಂಥ ಕಾರು! ಅಂಕಲ್ ಮನಸ್ಸು ಬದಲಿಸುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ನಿದ್ದೆಯಿಂದ ಎದ್ದುಬಂದ ಆಂಡ್ರಿಯಾ ಸಾಕ್ಷಿ ಹಾಕಿದಳು. “ಒಮ್ಮೆ ಕೊಟ್ಟದ್ದು ಕೊಟ್ಟದ್ದೇ ಆಯ್ತಾ,” ಎಂದು ಅಫ್ರೋಝನೇ ಒತ್ತಿ ಹೇಳಿದ. “ನಮ್ಮಲ್ಲಿ ಮಾತು ಅಂದ್ರೆ ಮಾತು,” ಎಂದರು ಆಂಬ್ರೋಸ್.

ಅಫ್ರೋಝ್ ಶಮೀಮಾಳನ್ನೂ ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೋದ. ವಿಮಾನ ಸರಿಯಾದ ಸಮಯಕ್ಕೆ ಬಂತು. ರವೂಫ್ ಹಾಜಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಸೂಟ್‌ಕೇಸಿನೊಂದಿಗೆ ಹೊರಬಂದು, ಕಾರನ್ನು ಮೇಲಿಂದ ಕೆಳಗೆ ನೋಡಿ, “ಮಾಶಾ ಅಲ್ಲಾಹ್,” ಎಂದರು. ಅಳಿಯನ ಎದೆ ಉಬ್ಬಿತು. ಹಾಗೇ ಉಬ್ಬಿಕೊಂಡು ಅವನು ವಿಮಾನ ನಿಲ್ದಾಣದ ಗುಡ್ಡ ಇಳಿದ. ಕೆಂಜಾರು ದಾಟಿ ಮುಂದಿನ ಏರು ಹತ್ತುವಾಗ ಕಾರು ಕೆಮ್ಮಿತು, ನಡುಗಿತು, ಬಾನೆಟ್ಟಿನಿಂದ ಹೊಗೆ ಬಿಟ್ಟು ನಿಂತಿತು.

ಅಫ್ರೋಝ್ ಅಭ್ಯಾಸಬಲದಿಂದ ಫೋನು ತೆಗೆದು ಆ್ಯಪ್ ಒತ್ತಿದ. ತಕ್ಷಣ ಸಿಕ್ಕಿತು. ಆರು ದೋಷ. ಮೂರನೇ ಸಿಲಿಂಡರ್ ಉರಿಯುತ್ತಿಲ್ಲ, ಇಂಜಿನ್ ಅತಿಯಾಗಿ ಬಿಸಿಯಾಗಿದೆ. ಆಮೇಲಷ್ಟೇ ಅವನಿಗೆ ನೆನಪಾಯಿತು: ತನ್ನ ಪ್ಲಗ್ಗನ್ನು ಅವನು ಹಳೇ ಕಾರಿನಲ್ಲೇ ಬಿಟ್ಟು ಬಂದಿದ್ದ.

ಅವನು ಇಳಿದು, ಮಾವನಿಗೆ ಕೇಳಿಸದಷ್ಟು ದೂರ ಹೋಗಿ, ಫೋನು ಮಾಡಿದ. “ಅಂಕಲ್, ಈ ಕಾರಿನಲ್ಲಿ ಸಹ ಪ್ಲಗ್ ಉಂಟಾ?”

“ಉಂಟಲ್ಲ, ದುಡ್ಡು ಕೊಟ್ಟು ತೆಗೊಂಡದ್ದು ಅದರಲ್ಲೇ ಉಂಟು. ನಿನಗೆ ಕೊಟ್ಟ ಫ್ರೀದ್ದು ಕೆಲಸ ಮಾಡ್ತದಾ ಅಂತ ನಾನು ನೋಡಿರ್ಲಿಲ್ಲ. ಇದನ್ನು ಹಾಕಿ ಆರು ತಿಂಗಳಾಯ್ತು. ಆ್ಯಪ್ ಹಾಕ್ಲಿಕ್ಕೆ ನನಗೆ ಬರುವುದಿಲ್ಲ, ಹಾಗೆ ಬಿಟ್ಟೆ.”

“ಡ್ಯಾಶ್‌ಬೋರ್ಡಿನಲ್ಲಿ ಕಪ್ಪು ಟೇಪ್ ಎಂತಕ್ಕೆ?”

“ಇಂಜಿನ್ ಚಿತ್ರದ್ದು ಒಂದು ಹಳದಿ ದೀಪ ಕಣ್ಣಿಗೆ ಹೊಡೀತಾ ಇತ್ತು ಮಾರಾಯ. ಎಂತ ಆಯ್ತು? ನಿಂತಿತಾ? ಭಾನುವಾರ ಇಗರ್ಜಿಯ ಪೂಜೆಗೆ ಹೋಗಿ ಬರ್ಲಿಕ್ಕೆ ಏನೂ ತೊಂದ್ರೆ ಕೊಟ್ಟದ್ದಿಲ್ಲ ಅದು. ತಡಿ, ನಾನು ಬರ್ತೇನೆ.”

ಆಂಬ್ರೋಸ್ ಇಪ್ಪತ್ತೇ ನಿಮಿಷಕ್ಕೆ ಬಂದರು. ಆ ಸಣ್ಣ ಕಾರು ಮೇಲಿನಿಂದ ಇಳಿದು, ಕೆಳಗೆ ತಿರುಗಿ, ಏರನ್ನು ಒಂದೇ ಉಸಿರಿಗೆ ಹತ್ತಿ ಬಂದು ನಿಂತಿತು. ರಟ್ಟಿನ ಪೆಟ್ಟಿಗೆಗಳು ಹಿಂದಿನ ಸೀಟು ತುಂಬಿ, ಉಳಿದ ಮೂಲೆಯಲ್ಲಿ ಶಮೀಮಾ ಹೇಗೋ ತೂರಿಕೊಂಡಳು. ಹಾಜಿ ಮುಂದೆ ಕುಳಿತರು. ಅಫ್ರೋಝ್‌ಗೆ ಜಾಗವಿರಲಿಲ್ಲ. ಹೊಗೆ ಬಿಡುತ್ತಿದ್ದ ಕಾರನ್ನು ಕಾಯಲಿಕ್ಕೂ ಯಾರಾದರೂ ಬೇಕಿತ್ತು.

ಹಾಜಿ ಇಂಜಿನ್ನಿನ ಸದ್ದಿಗೆ ಒಂದು ಗಳಿಗೆ ಕಿವಿಗೊಟ್ಟು, ತಲೆದೂಗಿ, ಕಿಟಕಿಯಿಂದ ಅಳಿಯನನ್ನು ಕರೆದರು.

“ಅಫ್ರೋಝ್, ಉದ್ದ ನೋಡಿ ಮರುಳಾಗ್ಬಾರ್ದು. ಕಾರು ಅಂದ್ರೆ ಇದು. ನೀನು ಇಂಥದ್ದನ್ನು ತೆಗೆದುಕೊಳ್ಬೇಕಿತ್ತು.” ಮತ್ತೆ ಆಂಬ್ರೋಸ್ ಕಡೆ ತಿರುಗಿದರು. “ನೀವು ಇದನ್ನು ನಮ್ಮ ಅಳಿಯನಿಗೆ ಕೊಡ್ತೀರಾ? ರೇಟು ನೀವು ಹೇಳಿ.”

ಆಂಬ್ರೋಸ್ ಗೇರ್ ಹಾಕಿ, ಸಂಕೋಚದಿಂದ ನಕ್ಕರು.

“ಕ್ಷಮಿಸಿ ಹಾಜಿಯವರೇ. ಇಷ್ಟು ಒಳ್ಳೇ ಕಾರನ್ನು ಬುದ್ಧಿ ಇದ್ದವರು ಯಾರಾದ್ರೂ ಬಿಟ್ಟು ಕೊಡ್ತಾರಾ?”